ಹೆಸರಿಡದೆ ಬಿಟ್ಟ ಶಿಖರ

ಹೊಸ ಬೆಟ್ಟ ಕಂಡುಹಿಡಿದವನು ಅದಕ್ಕೆ ಯಾರ ಹೆಸರನ್ನಾದರೂ ಇಡಬಹುದು, ತನ್ನ ಹೆಸರನ್ನು ಮಾತ್ರ ಇಡಬಾರದು. ಇದು ಕಾನೂನಲ್ಲ, ಮರ್ಯಾದೆ. ಕಾನೂನಾಗಿದ್ದರೆ ವಕೀಲ ಲಾಕ್ಲನ್ ಮಾಂಕರ್ ಅದರಲ್ಲಿ ಒಂದು ತೂತು ಹುಡುಕಿಕೊಳ್ಳುತ್ತಿದ್ದರು. ಮರ್ಯಾದೆಯಲ್ಲಿ ತೂತು ಹುಡುಕುವ ವಿದ್ಯೆಯನ್ನು, ವಕೀಲಿ ಕಲಿತ ಎಡಿನ್‌ಬರೋದಲ್ಲಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬೇಸಿಗೆಯಲ್ಲಿ ಪಶ್ಚಿಮದ ಹಿಮಬೆಟ್ಟಗಳನ್ನೆಲ್ಲ ಸುತ್ತಿ, ಎರಡು ಕುದುರೆಗಳನ್ನೂ ಒಂದು ಕಾಲ್ಬೆರಳನ್ನೂ ಕಳೆದುಕೊಂಡು ನಮ್ಮೂರು ಕರ್ಕ್‌ಬರ್ನ್‌ಗೆ ಮರಳಿದ ಮಾಂಕರ್, ಚಳಿಗಾಲವಿಡೀ ಕೂತು ಒಂದು ನಕ್ಷೆ ಬರೆದರು. ಗುಡ್ಡ, ಹೊಳೆ, ಕೆರೆ, ಜಲಪಾತ ಎಲ್ಲಕ್ಕೂ ಊರಿನವರ ಹೆಸರು ಹಂಚಿದರು. ಎಲ್ಲಕ್ಕಿಂತ ಎತ್ತರದ, ಅವರ ಕಚೇರಿ ಕಿಟಕಿಯಿಂದ ನೇರವಾಗಿ ಕಾಣುವ ಬಿಳಿ ಶಿಖರದ ಪಕ್ಕ ಮಾತ್ರ ಜಾಗ ಖಾಲಿ ಬಿಟ್ಟರು. ಯಾರಾದರೂ ಒಬ್ಬ ಪುಣ್ಯಾತ್ಮ ಎದ್ದು ನಿಂತು ಇದಕ್ಕೆ ಮಾಂಕರ್ ಹೆಸರೇ ಇರಲಿ ಅಂದರೆ ಸಾಕು. ತಾವು ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದು ಎಂದು ನಿರ್ಧಾರವಾಗಿತ್ತು. ಆ ಬೆಟ್ಟಗಳಿಗೆಲ್ಲ ಹೊಳೆಯಾಚೆಯ ಮೂಲನಿವಾಸಿ ಮಾವೊರಿ ಹಿರಿಯರ ಬಾಯಲ್ಲಿ ಮುತ್ತಾತಂದಿರ ಕಾಲದ ಹೆಸರುಗಳಿದ್ದವು. ಅವರನ್ನು ಹೋಗಿ ಕೇಳುವ ವ್ಯವಧಾನ ನಮ್ಮೂರಲ್ಲಿ ಒಬ್ಬನಿಗೂ ಇರಲಿಲ್ಲ, ಅದು ಬೇರೆ ಮಾತು.

ನಕ್ಷೆ ಒಯ್ಯಲು ಪ್ರಾಂತ್ಯದ ಸರ್ವೆ ಕಚೇರಿಯಿಂದ ಲಿಡ್ಡೆಲ್ ಎಂಬ ಒಣಕಲು ಸರ್ವೇಯರ್ ಬಂದಿದ್ದ. ಸಂಜೆ ಊರ ಸಭೆಯಲ್ಲಿ ಒಪ್ಪಿಗೆ ಪಡೆದು, ಅರಗಿನ ಮೊಹರು ಒತ್ತಿಸಿಕೊಂಡು, ಟಪಾಲು ಗಾಡಿ ಹತ್ತುವವನು. ಅಂದು ಬೆಳಿಗ್ಗೆ ಮಾಂಕರ್ ನಕ್ಷೆಯನ್ನು ಊರವರು ನೋಡಲೆಂದು ಕಚೇರಿಯ ಕಿಟಕಿಗೆ ಒಳಗಿಂದ ಒರಗಿಸಿಟ್ಟರು. ಬೀದಿಯಿಂದ ಅದು ಹೇಗೆ ಕಾಣುತ್ತದೆ ಎಂದು ನೋಡಲು ಹೊರಗೆ ಕಾಲಿಟ್ಟರು. ಮೊಣಕಾಲವರೆಗೆ ಕೆಸರಿನಲ್ಲಿ ಇಳಿದುಹೋದರು.

ಈ ಕೆಸರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ವಕೀಲರ ಮನೆಯೂ ಕಚೇರಿಯೂ ಒಂದೇ ಕಟ್ಟಡ. ಅದರ ಮುಂಬಾಗಿಲ ಎದುರಿಗೇ, ಮುಖ್ಯ ಬೀದಿಯಲ್ಲಿ, ಉಣ್ಣೆ ಹೊತ್ತ ಎತ್ತಿನ ಗಾಡಿಗಳು ಹಾಯ್ದು ಹಾಯ್ದು ಆದ ಒಂದು ಗುಂಡಿ. ಮಳೆ ಬಿದ್ದರೆ ಅದರಲ್ಲಿ ಬಾತುಕೋಳಿಗಳು ಈಜುತ್ತವೆ. ಹಲಗೆ ಹಾಕಿದರೆ ಹಲಗೆಯೇ ಮುಳುಗುತ್ತದೆ. ಹಿಮನದಿಗಳನ್ನು ದಾಟಿದ ಮನುಷ್ಯನಿಗೆ ಇದೊಂದನ್ನು ದಾಟಲು ಬರುವುದಿಲ್ಲ ಎಂಬುದು ಊರಿನವರ ಹಳೆಯ ನಗೆ.

"ಮತ್ತೆ ಬಿದ್ದ್ಯಾ?" ಒಳಗಿನಿಂದ ಅಕ್ಕ ಗ್ರಿಜೆಲ್ ಕೂಗಿದರು. ಮದುವೆಯಾಗದೆ ತಮ್ಮನ ಮನೆ ನೋಡಿಕೊಂಡಿದ್ದ ಗ್ರಿಜೆಲ್‌ಗೆ ನೋಡದೆಯೇ ಆ ಸದ್ದು ಗೊತ್ತು. "ನಿನ್ನ ಪ್ಯಾಂಟು ಒಗೆದೂ ಒಗೆದೂ ನನ್ನ ಕೈ ಸವೆದ್ಹೋಯ್ತು. ಊರಿನ ಕೌನ್ಸಿಲಿಗೆ ನೀನೇ ಅಧ್ಯಕ್ಷ. ಮನೆ ಮುಂದಿನ ಗುಂಡಿ ಮುಚ್ಚಿಸೋಕ್ಕಾಗಲ್ಲ, ಬೆಟ್ಟ ಹುಡುಕ್ಕೊಂಡು ಹೋಗ್ತಾನಂತೆ ಬೆಟ್ಟ!"

"ನಾಳೆ ಜಲ್ಲಿ ಬರತ್ತೆ ಅಕ್ಕಾ. ಗಾಡಿಗೆ ಹೇಳಿಯಾಗಿದೆ."

"ಆ ಜಲ್ಲಿ ಮೂರು ವರ್ಷದಿಂದ ನಾಳೇನೇ ಬರ್ತಿದೆ. ಈ ಸಲ ಬರ್ಲಿಲ್ವೋ, ನಾನು ಡನೀಡಿನ್‌ಗೆ ಹೋಗಿ ತಂಗಿ ಮನೇಲಿರ್ತೀನಿ. ನಿನ್ನ ಅಡುಗೆ ನೀನೇ ಮಾಡ್ಕೋ."

ಮಾಂಕರ್ ಪ್ಯಾಂಟು ಬದಲಿಸಿ ಬರುವಷ್ಟರಲ್ಲಿ ಕಚೇರಿಯಲ್ಲಿ ಮಾಂಸದಂಗಡಿಯ ಟಾಷ್ ಕೂತಿದ್ದ. ಗುಂಡಿಯ ಭಯಕ್ಕೆ ನಮ್ಮೂರವರು ವಕೀಲರ ಬಳಿ ಹಿತ್ತಿಲ ಬಾಗಿಲಿನಿಂದ, ಅಡುಗೆಮನೆ ಹಾಯ್ದೇ ಬರುತ್ತಾರೆ.

"ವಕೀಲ್ರೇ, ನಂಗೊಂದು ಗುಡ್ಡ ಕೊಟ್ಟಿದ್ದೀರಂತೆ."

"ಹೌದಪ್ಪ. ಒಳ್ಳೇ ಗುಡ್ಡ. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು."

"ಹೆಸರೇನು ಬರ್ದಿದ್ದೀರಿ, ಸ್ವಲ್ಪ ಓದಿ."

"ಟಾಷ್ ಬೋಳುಗುಡ್ಡ."

ಟಾಷ್ ನಿಧಾನವಾಗಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಿಟಕಿಯ ಬೆಳಕು ಅವನ ತಲೆಯ ಮೇಲೆ ಬಿದ್ದು ಗೋಡೆಗೆ ಹೊಡೆಯಿತು. ಮಾಂಕರ್‌ಗೆ ವಿಷಯ ಹೊಳೆದದ್ದೇ ಆಗ.

"ಅಯ್ಯೋ, ಅದರ ಮೇಲೆ ಒಂದು ಮರ ಇಲ್ಲ ಕಣಯ್ಯ, ಅದಕ್ಕೇ..."

"ನನ್ನ ಮೇಲೂ ಇಲ್ಲ," ಎಂದ ಟಾಷ್. "ನಾಳೆಯಿಂದ ನನ್ನ ಮಕ್ಕಳು ಸ್ಕೂಲಿಗೆ ಹೋಗೋದು ಬೇಡ್ವಾ?"

"ಬೇಡ ಅಂದ್ರೆ ಈಗಲೇ ಹೇಳು. ಸಂಜೆ ಮೊಹರು ಬಿದ್ದಮೇಲೆ ಗವರ್ನರ್ ಸಾಹೇಬ್ರೇ ಬಂದ್ರೂ ಆಗಲ್ಲ. ಕಾಯ್ದೆ ನಾನೇ ಬರೆದಿದ್ದು. ನಕ್ಷೇಲಿ ಹೆಸರು ಬಂದ ಬೆಟ್ಟ ಕಡಿಯೋ ಹಾಗಿಲ್ಲ, ನೀರು ಮುಚ್ಚೋ ಹಾಗಿಲ್ಲ, ಹೆಸರು ಅಳಿಸೋ ಹಾಗಿಲ್ಲ. ಮೀರಿದ್ರೆ ಜೈಲು. ಒಂದು ತೂತು ಬಿಟ್ಟಿಲ್ಲ ಅದರಲ್ಲಿ!" ಮಾಂಕರ್‌ಗೆ ಹೇಳುತ್ತಾ ಹೇಳುತ್ತಾ ಎದೆ ಉಬ್ಬಿತು. ಶಿಖರದ ಮೇಲೆ ಒಮ್ಮೆ ಬಿದ್ದ ತಮ್ಮ ಹೆಸರನ್ನು ಮುಂದೆ ಯಾವನೂ ಕಿತ್ತುಹಾಕಬಾರದೆಂದೇ ಹೋದ ವರ್ಷ ಪ್ರಾಂತ್ಯದ ಶಾಸನಸಭೆಯಲ್ಲಿ ಅದನ್ನು ಹಟ ಹಿಡಿದು ಪಾಸು ಮಾಡಿಸಿದ್ದರು.

ಬೋಳುಗುಡ್ಡ ಅಳಿಸಿ, ಟಾಷ್‌ಗೆ ಒಂದು ಜಲಪಾತ ಬರೆದುಕೊಟ್ಟದ್ದಾಯಿತು. ಅವನು ಏಳುವಾಗ ಮಾಂಕರ್ ಕಿಟಕಿಯಾಚೆ ಕೈ ತೋರಿಸಿ ಮೆಲ್ಲಗೆ, "ಆ ದೊಡ್ಡದಕ್ಕೆ ಇನ್ನೂ ಹೆಸರಿಲ್ಲ ನೋಡು. ಯಾರದಿಡೋದು ಅಂತಾನೇ ಗೊತ್ತಾಗ್ತಿಲ್ಲ," ಅಂದರು.

ಟಾಷ್ ಕಣ್ಣು ಕಿರಿದು ಮಾಡಿ ನೋಡಿದ. "ಅಷ್ಟೆತ್ತರದಲ್ಲಿ ಹುಲ್ಲು ಬೆಳೆಯಲ್ಲ. ಕುರಿಗೆ ದಂಡ," ಎಂದು ಹೇಳಿ ಅಡುಗೆಮನೆಗೆ ಹೋದ. ಅಲ್ಲಿ ಗ್ರಿಜೆಲ್, "ಬಾ ಟಾಷ್, ಕೂತ್ಕೋ. ಅವನ ಮಾತು ತಲೆಗೆ ಹಚ್ಕೋಬೇಡ," ಎಂದು ಬಿಸಿ ಓಟ್ಸ್ ರೊಟ್ಟಿಗೆ ಬೆಣ್ಣೆ ಸವರಿಕೊಡುವುದು ಮಾಂಕರ್‌ಗೆ ಕೇಳಿಸಿತು.

ಆಮೇಲೆ ಬಂದವರು ಅಂಚೆ ಕಚೇರಿಯ ಮಿಸೆಸ್ ಪರ್ಡಿ. ಬಂದವರೇ ಛತ್ರಿಯ ತುದಿಯನ್ನು ನಕ್ಷೆಗೆ ಊರಿದರು.

"ಪರ್ಡಿ ಜಲಪಾತ. ಹಗಲೂ ರಾತ್ರಿ ಬಾಯಿ ಮುಚ್ಚಲ್ಲ ಅಂತ ತಾನೇ ಇದರರ್ಥ? ಊರಿಡೀ ನಗ್ತಿದೆ."

"ಅದನ್ನ ಆಗಲೇ ಟಾಷ್‌ಗೆ ಕೊಟ್ಟುಬಿಟ್ಟೆ, ಮೇಡಂ," ಎಂದರು ಮಾಂಕರ್ ಸಮಾಧಾನದಿಂದ.

"ಏನು? ನನ್ನ ಜಲಪಾತ ಆ ಕುರಿ ಕಡಿಯೋನಿಗಾ? ಯಾರನ್ನ ಕೇಳಿ ಕೊಟ್ರಿ?"

"ನಿಮಗೆ ಬೇಡ ಅಂತ ನೀವೇ ಈಗ..."

"ನಂಗೆ ಬೇಡ ಅಂದ್ರೆ ಅವನಿಗೆ ಬೇಕು ಅಂತ ಅರ್ಥಾನಾ? ವಕೀಲ್ರಾಗಿ ಇಷ್ಟೂ ತಿಳಿಯಲ್ವಾ ನಿಮಗೆ?"

ಮಾಂಕರ್ ಹಲ್ಲು ಕಚ್ಚಿಕೊಂಡು ಶಿಖರದ ಕಡೆ ಕೈ ತೋರಿಸಿದರು. ಆಕೆ ಕಿಟಕಿಯ ಹತ್ತಿರ ಹೋಗಿ ನೋಡಿ, "ಗಾಜು ಒರೆಸಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಮಧ್ಯಾಹ್ನಕ್ಕೆ ಇಮ್ರಿ ಪಾದ್ರಿಗಳು ಬಂದರು. ಕೋಪ ಬಂದಾಗ ಪಾದ್ರಿಗಳ ದನಿ ಇನ್ನೂ ಮೃದುವಾಗುತ್ತದೆ. ಅಂದು ಬೆಣ್ಣೆಯಂತಿತ್ತು.

"ಇಮ್ರಿ ಹೊಳೆ ಅಂತ ಬರೆದಿದ್ದೀರಿ. ಬಹಳ ಸಂತೋಷ. ಅದು ಹೋಗಿ ಎಲ್ಲಿ ಸೇರತ್ತೆ?"

ಮಾಂಕರ್ ಬಗ್ಗಿ ನೋಡಿದರು. ನೋಡಿದ ಮೇಲೆ ತಲೆಯೆತ್ತಲು ಧೈರ್ಯ ಬರಲಿಲ್ಲ. "ಕ್ವಿಗ್ಲಿ ಕೆರೆಗೆ."

"ಹನ್ನೆರಡು ವರ್ಷದಿಂದ ಜನರನ್ನ ಆ ಕ್ವಿಗ್ಲಿ ಹೆಂಡದಂಗಡಿಯಿಂದ ಈಚೆ ಎಳೀತಿದ್ದೀನಿ. ನೀವು ನನ್ನನ್ನೇ ಅಲ್ಲಿಗೆ ಹರಿಸಿಬಿಟ್ರಲ್ಲ."

"ನೀರು ಇಳಿಜಾರಿಗೆ ತಾನೇ ಹರಿಯೋದು ಪಾದ್ರಿಗಳೇ? ನಾನೇನ್ ಮಾಡ್ಲಿ?"

"ಪಾಪವೂ ಹಾಗೇ ಹರಿಯೋದು," ಎಂದು ನಿಟ್ಟುಸಿರು ಬಿಟ್ಟು ಪಾದ್ರಿಗಳು ಎದ್ದರು. ಶಿಖರದ ಮಾತೆತ್ತಿದಾಗ, ಮೋಡ ಕಟ್ಟಿದೆ, ಸಂಜೆ ಮಳೆ ಗ್ಯಾರಂಟಿ ಎಂದರು.

ಅವರು ಅಡುಗೆಮನೆಯಲ್ಲಿ ಎರಡನೆಯ ರೊಟ್ಟಿ ಮುಗಿಸುವ ಮುನ್ನವೇ ಕ್ವಿಗ್ಲಿ ನುಗ್ಗಿ ಬಂದ. "ವಕೀಲ್ರೇ, ನನ್ನ ವ್ಯಾಪಾರ ಹಾಳು ಮಾಡಿದ್ರಿ! ಪಾದ್ರಿ ನೀರು ನನ್ನ ಕೆರೆಗೆ ಬಂದು ಬೀಳತ್ತಂತೆ. ನಮ್ಮ ಬಿಯರಿಗೆ ನೀರು ಎಲ್ಲಿಂದ ಬೆರೀತಿತ್ತು ಅಂತ ಇವತ್ತು ಗೊತ್ತಾಯ್ತು ಅಂತ ಗಿರಾಕಿಗಳೆಲ್ಲ ಟೇಬಲ್ ಕುಟ್ಟಿ ನಗ್ತಿದ್ದಾರೆ!"

ಮಾಂಕರ್ ಕೆರೆಯನ್ನು ಊರ ಡಾಕ್ಟರಿಗೆ ಕೊಟ್ಟರು. ಡಾಕ್ಟರ ಕಂದರವನ್ನು ಕ್ವಿಗ್ಲಿಗೆ ಕೊಟ್ಟರು. ಡಾಕ್ಟರು ಕೆರೆ ಬೇಡ, ರೋಗಿಗಳನ್ನು ಮುಳುಗಿಸಿದ ಹಾಗೆ ಕೇಳಿಸುತ್ತದೆ ಎಂದು ಹೇಳಿಕಳಿಸಿದರು. ಒಂದು ಹೆಸರು ಅಲುಗಿಸಿದರೆ ಮೂರು ಹೆಸರು ಕದಲುತ್ತಿದ್ದವು. ಹಿಮದಲ್ಲಿ ಹಸಿದು, ಕಾಲ್ಬೆರಳು ಕಳೆದುಕೊಂಡು, ತೆವಳಿ ತೆವಳಿ ಕಂಡುಹಿಡಿದ ಸೀಮೆ ಸಂತೆಯಲ್ಲಿ ಚೌಕಾಸಿ ಮಾಡಿ ಬಿಟ್ಟುಹೋದ ಸೊಪ್ಪಿನಂತಾಗಿತ್ತು. ಇಷ್ಟು ಜನ ಬಂದರು, ಹೋದರು, ಒಬ್ಬನ ಬಾಯಲ್ಲಾದರೂ ಆ ಒಂದು ಮಾತು ಬರಬಾರದೆ? ಮಾಂಕರ್‌ಗೆ ತಡೆಯಲಾಗಲಿಲ್ಲ. ಚೂರಿ ತೆಗೆದುಕೊಂಡು, ನಕ್ಷೆಯ ಮೇಲಿದ್ದ ಹೆಸರುಗಳನ್ನೆಲ್ಲ ಒಂದೂ ಬಿಡದೆ ಕೆರೆದು ಹಾಕಿದರು.

ಸಂಜೆ, ಬೀದಿಯ ಆಚೆ ಬದಿಯ ಸಭಾಭವನದಲ್ಲಿ ಆ ಬೋಳು ನಕ್ಷೆಯನ್ನು ಬಿಚ್ಚಿದ್ದೇ ತಡ, ಎಲ್ಲರೂ ಒಟ್ಟಿಗೆ ಮಾತಾಡಿದರು.

"ನನ್ನ ಬೋಳುಗುಡ್ಡ ಎಲ್ಲಿ?" ಟಾಷ್ ಎದ್ದು ನಿಂತ. "ಮಕ್ಕಳಿಗೆ ಹೇಳಿಬಿಟ್ಟಿದ್ದೀನಿ, ಅಪ್ಪನ ಹೆಸರಲ್ಲಿ ಗುಡ್ಡ ಇದೆ ಅಂತ!"

"ನಿನಗೆ ಬೇಡವಾಗಿತ್ತಲ್ಲಯ್ಯ!"

"ನಾನು ಬೇಡ ಅಂದೆ. ತೆಗೀರಿ ಅಂದ್ನಾ?"

"ನಕ್ಷೇಲಿ ಹೆಸರು ಬರೆಸ್ಕೊಳ್ಳೋ ಯೋಗ್ಯತೆ ಈ ಊರಿಗಿಲ್ಲ ಅಂತ ವಕೀಲರ ಅಭಿಪ್ರಾಯ ಇರಬೇಕು," ಎಂದರು ಮಿಸೆಸ್ ಪರ್ಡಿ, ಪಕ್ಕದವರಿಗೆ, ಇಡೀ ಭವನಕ್ಕೆ ಕೇಳುವಂತೆ.

ಮಾಂಕರ್ ಲೇಖನಿಯನ್ನು ಮೇಜಿನ ಮೇಲೆ ಕುಕ್ಕಿದರು. ಶಾಯಿ ಲಿಡ್ಡೆಲ್‌ನ ಕಾಲರಿಗೆ ಹಾರಿತು. "ಸಾಕು! ಬೋಳೋ, ಕೆಸರೋ, ಏನು ಬೇಕೋ ನೀವೇ ಬರ್ಕೊಳ್ಳಿ! ಯಾವುದಕ್ಕೆ ಯಾರ ಹೆಸರಾದ್ರೂ ಇಡಿ, ನಾನು ಸಹಿ ಹಾಕ್ತೀನಿ!" ಎಂದು ನಕ್ಷೆಯ ಕೆಳಗೆ ಸಹಿ ಗೀಚಿಯೇಬಿಟ್ಟು, ಬಾಗಿಲು ದಬ್ಬಿ ಹೊರನಡೆದರು. ಸಿಟ್ಟಿನಲ್ಲಿ ಹಿತ್ತಿಲ ದಾರಿ ಮರೆತು ನೇರವಾಗಿ ಬೀದಿ ದಾಟಿದರು. ಈ ಸಲ ಗುಂಡಿ ಸೊಂಟದವರೆಗೆ ಬಂತು. ಭವನದ ಕಿಟಕಿಗಳಲ್ಲಿ ಊರಿಗೆ ಊರೇ ನಿಂತು ನೋಡುತ್ತಿತ್ತು.

ಒಣ ಪ್ಯಾಂಟು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಅಕ್ಕನಿಗೆ ಮಾತ್ರ ಗೊತ್ತು. ಅಕ್ಕ ಸಭೆಯಲ್ಲಿ ಚಹಾ ಹಂಚುತ್ತಿದ್ದರು. ಮಾಂಕರ್ ಪೆಟ್ಟಿಗೆಗಳನ್ನೆಲ್ಲ ತಡಕಾಡಿ, ಕೊನೆಗೆ ಹಿಮದಲ್ಲಿ ಹರಿದುಹೋದ ಹಳೆಯ ಪ್ಯಾಂಟನ್ನೇ ಏರಿಸಿಕೊಂಡು, ಹಿತ್ತಿಲಿನಿಂದ ಸುತ್ತು ಹಾಕಿ ವಾಪಸು ಬಂದಾಗ ಭವನ ಮದುವೆ ಮನೆಯಾಗಿತ್ತು. ಪಾದ್ರಿಗಳು ಕ್ವಿಗ್ಲಿಯ ಬೆನ್ನು ತಟ್ಟುತ್ತಿದ್ದರು. ಟಾಷ್ ಮಿಸೆಸ್ ಪರ್ಡಿಗೆ ಚಹಾ ಬಗ್ಗಿಸಿಕೊಡುತ್ತಿದ್ದ. ಲಿಡ್ಡೆಲ್ ಮೇಣದ ಬತ್ತಿಗೆ ಅರಗು ಹಿಡಿದಿದ್ದ.

"ಬನ್ನಿ ಬನ್ನಿ! ಎಲ್ಲಾ ಇತ್ಯರ್ಥ ಆಯ್ತು," ಎಂದರು ಪಾದ್ರಿಗಳು. "ಟಾಷ್‌ಗೆ ಅವನ ಬೋಳುಗುಡ್ಡ ವಾಪಸ್. ನನ್ನ ಹೊಳೆ ನನಗಿರಲಿ, ಕೆರೆ ಕ್ವಿಗ್ಲಿಗಿರಲಿ. ಕಡೇಪಕ್ಷ ನೀರಾದ್ರೂ ಅವನ ಮನೆ ಸೇರಲಿ. ಉಳಿದದ್ದು ಆ ದೊಡ್ಡ ಶಿಖರ. ಬೆಳಗ್ಗೆಯಿಂದ ನೀವು ನಮಗೆಲ್ಲ ಅದನ್ನ ತೋರಿಸ್ತಾನೇ ಇದ್ರಿ. ನಿಮ್ಮ ಮನಸ್ಸಲ್ಲೇನಿತ್ತು ಅಂತ ನಮಗೀಗ ಅರ್ಥ ಆಯ್ತು."

ಈ ಜನರನ್ನು ಬೆಳಗಿನಿಂದ ಎಷ್ಟು ಬೈದುಕೊಂಡಿದ್ದೆನಲ್ಲ ಎಂದು ಮಾಂಕರ್‌ಗೆ ನಾಚಿಕೆಯಾಯಿತು.

"ಒಬ್ಬರೂ ವಿರೋಧ ಹೇಳಲಿಲ್ಲ. ಇನ್ನು ಮುಂದೆ ಆ ಶಿಖರ ಮಾಂಕರ್ ಮನೆತನದ..."

"ಛೆ ಛೆ, ಬೇಡಿ," ಎಂದು ಮಾಂಕರ್ ಮುಂದೆ ಬಂದು ತಲೆ ಬಾಗಿಸಿದರು. "ದಯವಿಟ್ಟು ಬೇಡಿ."

"...ಮಿಸ್ ಗ್ರಿಜೆಲ್ ಅವರ ಹೆಸರಿನಲ್ಲಿರತ್ತೆ. ಗ್ರಿಜೆಲ್ ಶಿಖರ!"

ಚಪ್ಪಾಳೆಗೆ ಚಾವಣಿಯ ತಗಡು ನಡುಗಿತು. "ಅಲ್ವೇ ಮತ್ತೆ? ಬೆಳಗ್ಗೆಯಿಂದ ಊರಿಗೆಲ್ಲ ರೊಟ್ಟಿ ಚಹಾ ಕೊಟ್ಟೋರು ಯಾರು!" ಎಂದು ಟಾಷ್ ಕೂಗಿದ. ಗ್ರಿಜೆಲ್ ಚಹಾದ ಪಾತ್ರೆಯ ಹಿಂದೆ ಕೆಂಪಾಗಿ ನಿಂತಿದ್ದರು. ಮಾಂಕರ್ ಮಾತ್ರ ಬಾಗಿಸಿದ ತಲೆಯನ್ನು ಯಾವಾಗ ಎತ್ತಬೇಕೆಂದು ತಿಳಿಯದೆ ಹಾಗೇ ಇದ್ದರು.

"ನಿಮ್ಮನ್ನ ಮರೆತಿಲ್ಲ ವಕೀಲ್ರೇ," ಎಂದ ಕ್ವಿಗ್ಲಿ. "ನಿಮಗೆ ಸರೋವರ! ಅದನ್ನ ಮೊದಲು ಕಂಡುಹಿಡಿದೋರು ನೀವು. ಅದರ ತಳ ಮುಟ್ಟಿ ಬಂದೋರೂ ನೀವೊಬ್ಬರೇ. ಈಗ ತಾನೇ ಎಲ್ಲರೂ ಕಿಟಕಿಯಿಂದ ನೋಡಿದ್ವಲ್ಲ!"

ಮಾಂಕರ್ ನಕ್ಷೆಯ ಕಡೆ ಹಾರಿದರು. ಕರ್ಕ್‌ಬರ್ನ್ ಮುಖ್ಯ ಬೀದಿಯಲ್ಲಿ, ಅವರ ಮುಂಬಾಗಿಲ ಎದುರಿಗೆ, ದುಂಡನೆಯ ಒಂದು ಗೆರೆ. ಪಕ್ಕದಲ್ಲಿ ಮಿಸೆಸ್ ಪರ್ಡಿಯ ಮುದ್ದಾದ ಅಕ್ಷರದಲ್ಲಿ: ಮಾಂಕರ್ ಸರೋವರ.

"ನಿಲ್ಲಿಸ್ರಯ್ಯಾ! ಅದು ಗುಂಡಿ! ನಾಳೆ ಅದಕ್ಕೆ ಜಲ್ಲಿ..."

ಲಿಡ್ಡೆಲ್ ಮೊಹರನ್ನು ಒತ್ತಿ, ಎತ್ತಿ, ಊದಿದ. "ಆಯ್ತು ಸಾರ್. ನಿಮ್ಮ ಸಹಿನೂ ಇದೆ."

"ಗುಂಡೀನ ಸರೋವರ ಅಂದ್ರೆ ಕಾನೂನು ಒಪ್ಪತ್ತೇನಯ್ಯ?"

"ನಿಮ್ಮ ಕಾಯ್ದೇಲಿ 'ನಿಂತ ನೀರು' ಅಂತ ಮಾತ್ರ ಇದೆ ಸಾರ್. ಎಷ್ಟು ದೊಡ್ಡದಿರಬೇಕು ಅಂತ ಇಲ್ಲ. ನಾನೂ ಹುಡುಕಿದೆ, ಒಂದು ತೂತು ಸಿಗಲಿಲ್ಲ," ಎಂದು ನಕ್ಷೆ ಸುತ್ತಿಕೊಂಡು ಲಿಡ್ಡೆಲ್ ಟಪಾಲು ಗಾಡಿಗೆ ಓಡಿದ.

ಹೊರಗೆ ಬಂದಾಗ ಮಳೆಯಿರಲಿಲ್ಲ. ಪಾದ್ರಿಗಳ ಆ ಮಾತೂ ಸುಳ್ಳಾಗಿತ್ತು. ಕಡೆಯ ಬಿಸಿಲಿನಲ್ಲಿ ಶಿಖರ ತಣ್ಣಗೆ, ನೆಟ್ಟಗೆ, ಊರನ್ನೆಲ್ಲ ಮೇಲಿನಿಂದ ನೋಡುತ್ತಾ ನಿಂತಿತ್ತು. ಅಕ್ಕನನ್ನೇ ಹೋಲುತ್ತದಲ್ಲ, ಇಷ್ಟು ದಿನ ಹೇಗೆ ಕಾಣಲಿಲ್ಲ ಎಂದು ಮಾಂಕರ್‌ಗೆ ಹೊಟ್ಟೆಯುರಿಯಿತು. ಇನ್ನು ದಿನಾ ಬೆಳಿಗ್ಗೆ ಕಿಟಕಿ ತೆರೆದರೆ ದೂರದಲ್ಲಿ ಅದು, ಕಾಲ ಬುಡದಲ್ಲಿ ಇದು.

"ಜಲ್ಲಿ?" ಎಂದರು ಗ್ರಿಜೆಲ್.

"ಹಾಕಿದ್ರೆ ನಂಗೆ ಜೈಲು, ಅಕ್ಕಾ." ಮಾಂಕರ್ ಗುಂಡಿಯನ್ನೇ ನೋಡುತ್ತಿದ್ದರು. "ನೀನು ಡನೀಡಿನ್‌ಗೆ ಯಾವಾಗ ಹೊರಡ್ತೀ?"

"ನನ್ನ ಬೆಟ್ಟ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಎಂದು ಗ್ರಿಜೆಲ್ ಲಂಗವೆತ್ತಿಕೊಂಡು ಹಿತ್ತಿಲ ದಾರಿ ಹಿಡಿದರು. "ಹುಷಾರಾಗಿ ಬಾ. ಒಣ ಪ್ಯಾಂಟು ಇನ್ನಿಲ್ಲ."

ಮಾಂಕರ್‌ಗೆ ಹಿತ್ತಿಲ ಕಡೆ ಹೋಗಲು ಮನಸ್ಸಾಗಲಿಲ್ಲ. ಹೇಗೂ ತಮ್ಮದೇ ನೀರು. ಅವರು ಮುಂಬಾಗಿಲ ಕಡೆಗೇ ನೆಟ್ಟಗೆ ಹೆಜ್ಜೆ ಹಾಕಿದರು.

"ಎಲ್ಲಾ ಬನ್ರೋ!" ಭವನದ ಬಾಗಿಲಿನಿಂದ ಟಾಷ್ ಕೂಗುವುದು ಕೇಳಿಸಿತು. "ವಕೀಲ್ರು ಮತ್ತೆ ಶೋಧನೆಗೆ ಹೊರಟ್ರು!"