ಅತ್ತೆಯ ಕೈ ದಾಟಿ ಹೋಗುವುದುಂಟೇ?

ವಿಮಾನ ನಿಲ್ದಾಣದಲ್ಲಿ ಜನರನ್ನು ನಿಲ್ಲಿಸಿ ಮೈ ಸವರಿ ನೋಡುವ ಪದ್ಧತಿಯನ್ನು ಯಾವ ದೇಶದವರು ಮೊದಲು ಶುರು ಮಾಡಿದರೋ ನನಗೆ ತಿಳಿಯದು. ಯಾರೇ ಆಗಲಿ, ಅವರು ಗುಟ್ಟಾಗಿ ಒಮ್ಮೆ ತಿ. ನರಸೀಪುರಕ್ಕೆ ಬಂದು, ನಮ್ಮ ಯಜಮಾನರ ಸೋದರತ್ತೆಯನ್ನು ಕಂಡು, ಕಲಿತುಕೊಂಡು ಹೋಗಿದ್ದಾರೆ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ!

ಅತ್ತೆಯ ಕೈಗೆಟುಕುವಷ್ಟು ಹತ್ತಿರ ಯಾರೇ ಬಂದರೂ ತಪಾಸಣೆ ಆಗಲೇಬೇಕು. ನೆತ್ತಿಯಿಂದ ಶುರು. ಕೆನ್ನೆ, ಕುತ್ತಿಗೆ, ತೋಳು, ಕಂಕುಳು, ಪಕ್ಕೆ, ಬೆನ್ನು... ಕೈ ತನ್ನ ಪಾಡಿಗೆ ಇಳಿಯುತ್ತಿದ್ದರೆ ಬಾಯಿ ಡೇರಿಯ ಹಾಲಿನ ವಿಚಾರವನ್ನೋ ಬಸ್ಸು ತಡವಾದ ವಿಚಾರವನ್ನೋ ಮಾತಾಡುತ್ತಿರುತ್ತದೆ. ಅಳಿಯಂದಿರಿಗೆ ಮಾತ್ರ ವಿನಾಯಿತಿ. ಅವರನ್ನು ಕಣ್ಣಲ್ಲೇ ಸವರಿ ಬಿಟ್ಟುಬಿಡುತ್ತಾರೆ.

ನಾನಾದರೋ ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಬ್ಬರು ಹುಡುಗಿಯರು ನಿಂತು ಮಾತಾಡುವಾಗ ನಡುವೆ ಒಂದು ಅಡಿಕೋಲು ಹಿಡಿಸುವಷ್ಟು ಜಾಗ ಇರಬೇಕು ಎಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಆ ಅಡಿಕೋಲನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮದುವೆಯಾಗಿ ನಂಜನಗೂಡಿಗೆ ಬಂದೆ. ಮನೆ ತುಂಬಿಸಿಕೊಂಡ ದಿನವೇ ಅತ್ತೆ ಅದನ್ನು ಮುರಿದುಹಾಕಿದರು.

"ಬಾ ಕೂಸೆ ಇಲ್ಲಿ" ಎಂದವರೇ ತಲೆಯ ಮೇಲೆ ಕೈ ಇಟ್ಟರು. ಆಶೀರ್ವಾದವೆಂದು ನಾನು ಬಗ್ಗಿದೆ. ಆ ಕೈ ಅಲ್ಲಿ ನಿಲ್ಲಬೇಕಲ್ಲ! ತುಂಬಿದ ಮನೆಯ ಮುಂದೆ ವರದಿ ಒಪ್ಪಿಸಿದರು: "ಮೂಳೆ ಗಟ್ಯಾಗವೆ. ಮೈ ಒಸಿ ಸೊರಗೋಗದೆ. ಕೈ ತಣ್ಣಗವೆ ಕಣ್ಲಾ, ಕೂಸು ಎದ್ರುಕೊಂಡದೆ. ಕಾಪಿ ಕೊಡ್ರಿ ಮೊದ್ಲು."

ಮುಖ ಕೆಂಪಾಗಿ ಕುಳಿತಿದ್ದ ನನಗೆ ಯಜಮಾನರು ಮೆಲ್ಲಗೆ ಸಮಾಧಾನ ಹೇಳಿದರು. "ಬೇಜಾರು ಮಾಡ್ಕೋಬೇಡ. ಹಸು ತರುವಾಗಲೂ ಅತ್ತೆ ಹೀಗೇ ನೋಡೋದು."

ಇದು ಹೊಸ ಹೆಂಡತಿಗೆ ಹೇಳುವ ಸಮಾಧಾನವೇ? ನೀವೇ ಹೇಳಿ!

ನನ್ನ ಮೈದುನ ಕಾಲೇಜಿಗೆ ಹೋಗುತ್ತಿದ್ದಾಗ ಬೆಂಕಿಪೊಟ್ಟಣವನ್ನು ಕಾಲುಚೀಲದೊಳಗೆ ಅಡಗಿಸಿಕೊಂಡು ಅತ್ತೆಯ ಮನೆಗೆ ಹೋಗಿದ್ದನಂತೆ. ಅತ್ತೆ ಕಾಲಿನವರೆಗೆ ಬಗ್ಗುವುದಿಲ್ಲ ಎಂಬ ಧೈರ್ಯ. ಆವತ್ತು ಬಗ್ಗಿದರು. ಬೈಯಲಿಲ್ಲ, ಕೂಗಲಿಲ್ಲ. ಪೊಟ್ಟಣ ತೆಗೆದು ಅಲ್ಲಾಡಿಸಿ, "ಒಳ್ಳೆ ಟೈಮ್ಗೆ ತಂದೆ ಕಣ್ಲಾ, ಒಲೆ ಅಂಟಿಸ್ಬೇಕಾಗಿತ್ತು" ಎಂದು ಅಡುಗೆಮನೆಗೆ ನಡೆದರು. ಆವತ್ತಿನಿಂದ ಅವನು ಸಿಗರೇಟು ಮುಟ್ಟಿಲ್ಲ.

ನನ್ನ ನಾದಿನಿಯ ಕತೆ ಇನ್ನೂ ಚೆಂದ. ತವರಿಗೆ ಬಂದಿದ್ದವಳನ್ನು ಒಮ್ಮೆ ಸವರಿದ ಅತ್ತೆ, "ಇನ್ಮೇಲೆ ಪರಂಗಿಹಣ್ಣು ತಿನ್ಬೇಡ" ಎಂದರು. ಅದೂ ಹೇಗೆ? ಬೀದಿಯ ಆಚೆ ಬದಿಯಲ್ಲಿ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ ನೋಡುವ ಹಾಗೆ! ಗಂಡನಿಗಿಂತ ಮೊದಲು ಹಾಲಿನವನಿಗೆ ಸುದ್ದಿ ಗೊತ್ತಾಯಿತು. ಗುಟ್ಟು ಎಂಬ ಪದಾರ್ಥವನ್ನು ಅತ್ತೆ ಕಂಡಿದ್ದೇ ಇಲ್ಲ. ಪಿಸುಮಾತು ಎಂಬುದು ಅವರ ಗಂಟಲಿಗೆ ಬರುವುದೇ ಇಲ್ಲ ಎಂದು ನಾವೆಲ್ಲ ತೀರ್ಮಾನ ಮಾಡಿದ್ದೆವು.

ಇಂಥ ಅತ್ತೆಯನ್ನು ವಿಮಾನದಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿರುವ ಅವರ ಮಗಳಿಗೆ ಹೆರಿಗೆಯಾಗಿತ್ತು. ಯಜಮಾನರಿಗೆ ರಜೆ ಇರಲಿಲ್ಲ.

ಖುಷಿಯಾಗಿ ಹೊರಡಬೇಕಾದ ನಾನು ಒಳಗೊಳಗೇ ನಡುಗುತ್ತಿದ್ದೆ. ವಿಮಾನಕ್ಕಲ್ಲ, ಅತ್ತೆಯ ಕೈಗೆ! ಕೆಲವು ದಿನಗಳ ಹಿಂದೆ ಸ್ನಾನ ಮಾಡುವಾಗ ನನ್ನ ಎಡಗಂಕುಳಿನ ಕೆಳಗೆ, ಎದೆಯ ಅಂಚಿನಲ್ಲಿ, ಗೋಲಿಯಷ್ಟು ದೊಡ್ಡ ಗಂಟೊಂದು ಬೆರಳಿಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಯಜಮಾನರಿಗೆ ಹೇಳಿದರೆ ಅವರೇ ಮೊದಲು ಮಲಗಿಬಿಡುತ್ತಾರೆ. ಊರಿನ ಡಾಕ್ಟರ ಹತ್ತಿರ ಹೋದರೆ ಹೊರಗೆ ಕಾದು ಕುಳಿತವರೆಲ್ಲ ಪರಿಚಯದವರು. ಹಬ್ಬ ಮುಗಿಯಲಿ, ಈ ಬಾಣಂತನದ ಓಡಾಟ ಮುಗಿಯಲಿ, ತಾನಾಗಿಯೇ ಕರಗಿದರೂ ಕರಗಬಹುದು ಎಂದುಕೊಂಡು, ಪ್ರತಿದಿನ ಸ್ನಾನದಲ್ಲಿ ಮುಟ್ಟಿ ನೋಡುತ್ತಿದ್ದೆ. ಅದು ಇದ್ದಲ್ಲೇ ಇತ್ತು.

ಹೊರಡುವ ಹಿಂದಿನ ದಿನ ಅತ್ತೆ ನಮ್ಮ ಮನೆಗೆ ಬಂದಿಳಿದರು. ನಾನು ಬಾಗಿಲಿಗೇ ಎರಡು ಕೈಯಲ್ಲಿ ಕಾಫಿ ತಟ್ಟೆ ಹಿಡಿದುಕೊಂಡು ಹೋದೆ. ಆಮೇಲೆ ಕೈಯೆಲ್ಲ ಹಿಟ್ಟು. ಆಮೇಲೆ ಒಗೆದ ಬಟ್ಟೆಯ ರಾಶಿ ಎದೆಗವಚಿಕೊಂಡೇ ಓಡಾಡಿದೆ. ಅತ್ತೆ ಕಣ್ಣು ಕಿರಿದು ಮಾಡಿದರು. "ಯಾಕವ್ವ, ಕಾಲು ಸುಟ್ಟ ಬೆಕ್ನಂಗೆ ಓಡಾಡ್ತಿದ್ದೀಯೆ?"

"ಕೆಲಸ ಅತ್ತೆ" ಎಂದೆ. ಮಾರನೆಯ ದಿನ ಕಾರಿನಲ್ಲೂ ನಾನು ಮುಂದೆ ಕುಳಿತೆ, ಅವರನ್ನು ಹಿಂದೆ ಕೂರಿಸಿದೆ.

ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ಕಾರು ಓಡಿಸುತ್ತಿದ್ದ ಮೈದುನ ದಾರಿಯಲ್ಲಿ ಅತ್ತೆಯನ್ನು ಕೆಣಕಿದ. "ಅತ್ತೆ, ಇನ್ನು ನಿಮ್ಮ ಕೆಲಸ ಹೋಯ್ತು. ಮೈಯೆಲ್ಲ ತೋರಿಸೋ ಮಿಷನ್ನು ಬರ್ತಾ ಇದೆಯಂತೆ. ಮುಟ್ಟೋ ಹಂಗೇ ಇಲ್ಲ."

"ಮಿಷನ್ಗೇನ್ಲಾ ಗೊತ್ತಾದದು? ಕೈ ಬೆಚ್ಚಗದೆಯೋ ತಣ್ಣಗದೆಯೋ ಅದ್ಕೆ ತಿಳಿದದಾ?" ಎಂದರು ಅತ್ತೆ.

ನಿಲ್ದಾಣದಲ್ಲಿ ಮೊದಲು ಸಿಕ್ಕಿಬಿದ್ದದ್ದು ಅವರ ಎಲೆಯಡಿಕೆ ಚೀಲದೊಳಗಿದ್ದ ಅಡಕತ್ತರಿ. "ಇದನ್ನ ಒಳಗೆ ಬಿಡೋ ಹಾಗಿಲ್ಲಮ್ಮ" ಎಂದರು ಅಲ್ಲಿದ್ದ ಸಿಬ್ಬಂದಿ.

"ಯಾಕಪ್ಪ? ಅಡಿಕೆ ಕತ್ತರ್ಸೋದ್ರಲ್ಲಿ ಇಮಾನ ಕತ್ತರ್ಸಕಾದದಾ?"

ಆತ ನಕ್ಕರೂ ಬಿಡಲಿಲ್ಲ. ಕೊನೆಗೆ ಅತ್ತೆಯೇ ಉದಾರವಾಗಿ, "ಮಡೀಕಳಪ್ಪ, ನಿಮ್ಮವ್ವಂಗೆ ಕೊಡು, ಮೊನ್ನೆ ತಾನೇ ಸಾಣೆ ಇಡ್ಸಿದ್ದೀನಿ" ಎಂದು ದಾನ ಕೊಟ್ಟವರಂತೆ ಮುಂದೆ ನಡೆದರು.

ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಸಣ್ಣ ಗೂಡು. ಅತ್ತೆ ಒಳಗೆ ಹೋದರು. ಪರದೆಯ ಕೆಳಗೆ ನನಗೆ ಕಾಣುತ್ತಿದ್ದದ್ದು ಪಾಲಿಶ್ ಮಾಡಿದ ಎರಡು ಕರಿ ಬೂಟು, ಅದರೆದುರು ಹಲಗೆಯ ಮೇಲೆ ಅತ್ತೆಯ ಒಡೆದ ಹಿಮ್ಮಡಿಗಳು. ಒಳಗಿದ್ದ ಹುಡುಗಿ ಉತ್ತರದ ಕಡೆಯವಳು. "ಅಮ್ಮಾ, ಕೈ ಮೇಲೆ" ಎಂದಳು, ಕಲಿತಿದ್ದ ಅಷ್ಟೇ ಕನ್ನಡದಲ್ಲಿ. ಊರಿನವರ ಮೈಯನ್ನೆಲ್ಲ ಸವರಿದ ಅತ್ತೆ ಏನೂ ಮಾತಾಡದೆ ನಿಂತಿದ್ದಾರೆ! ನನಗೇ ಗಾಬರಿಯಾಯಿತು.

"ಆಯ್ತು ಅಮ್ಮಾ."

ಹಿಮ್ಮಡಿಗಳು ಕದಲಲಿಲ್ಲ.

"ಇಷ್ಟೇಯಾ? ಬೆನ್ನ ಕಡೆ ಸರ್ಯಾಗಿ ನೋಡ್ನಿಲ್ವಲ್ಲ ನೀನು. ಇನ್ನೊಂದ್ ದಪ ನೋಡವ್ವ."

ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಅಷ್ಟರಲ್ಲಿ ಕರಿ ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು, ತುದಿಗಾಲಲ್ಲಿ ನಿಂತವು, ಒಳಗಿಂದ ಕಚಗುಳಿಯಾದಂಥ ನಗು ಕೇಳಿತು. ಜೊತೆಗೆ ಅತ್ತೆಯ ದನಿ: "ಉಂಡಿದ್ದೀಯಾ ಮಗ? ಪಕ್ಕೆ ಮೂಳೆ ಎಣಿಸ್ಬೋದು!" ಅಲ್ಲಿಗೆ ಯಾರು ಯಾರನ್ನು ತಪಾಸಣೆ ಮಾಡುತ್ತಿದ್ದರೋ ದೇವರೇ ಬಲ್ಲ.

ನನ್ನ ಸರದಿ ಬಂತು. ಕೈ ಎತ್ತಿ ಕಣ್ಣು ಮುಚ್ಚಿದೆ. ಆ ಹುಡುಗಿಯ ಕೈ ಗಂಟಿನ ಮೇಲೆಯೇ ಹಗುರಾಗಿ ಹಾದುಹೋಯಿತು. ಅವಳ ಯಂತ್ರ ಕಿರುಚಲಿಲ್ಲ. ನನ್ನ ಚೀಟಿಗೆ ಮುದ್ರೆ ಬಿತ್ತು. ನನ್ನಿಂದ ವಿಮಾನಕ್ಕೆ ಅಪಾಯವಿಲ್ಲ ಎಂದಾಯಿತು. ನನಗೆ ಅಪಾಯವಿದೆಯೋ ಇಲ್ಲವೋ ನೋಡುವುದು ಪಾಪ ಅವಳ ಕೆಲಸವಲ್ಲವಲ್ಲ! ಒಂದು ಕಡೆ ಉಸಿರು ಬಂದಂತಾಯಿತು. ಇನ್ನೊಂದು ಕಡೆ, ಯಾಕೋ, ಅಳು ಬಂದಂತೆಯೂ ಆಯಿತು.

ಕುರ್ಚಿಯಲ್ಲಿ ಕುಳಿತ ಮೇಲೆ ಅತ್ತೆ ವಿಮರ್ಶೆ ಶುರು ಮಾಡಿದರು. "ಕೂಸೇನೋ ಒಳ್ಳೇದು. ಆದ್ರೆ ಕೈಯಲ್ಲಿ ನೋಟ ಇಲ್ಲ ಕಣವ್ವ. ನೋಡೋದು ಅಂದ್ರೆ ಇಂಗೆ..."

ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ನೆತ್ತಿ, ಕುತ್ತಿಗೆ, ತೋಳು ಆಗಿ ಕೈ ಪಕ್ಕೆಗೆ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು.

ಇನ್ನು ಕೂಗುತ್ತಾರೆ, ಇಡೀ ನಿಲ್ದಾಣಕ್ಕೆ ಮೈಕಿಲ್ಲದೆ ಕೇಳಿಸುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅತ್ತೆ ಕೂಗಲಿಲ್ಲ. ತಮ್ಮ ಸೆರಗನ್ನು ಎಳೆದು ನನ್ನ ಭುಜದ ಮೇಲೆ ಹೊದಿಸಿ, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದರು. ಹೌದು, ಪಿಸುಗುಟ್ಟಿದರು!

"ಯಾವಾಗ್ನಿಂದ?"

"ಕೆಲವು ದಿನ ಆಯ್ತು ಅತ್ತೆ."

"ನಮ್ಮುಡುಗುಂಗೆ ಗೊತ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ನಮ್ಮವ್ವನೂ ಇಂಗೇಯ. ನಾಚ್ಕಂಡು ಯಾರ್ಗೂ ಏಳ್ದೆ ಸೀರೆ ಒಳ್ಗೇ ಮಡೀಕಂಡ್ಲು. ನಮ್ಗೆ ಗೊತ್ತಾಗೋ ಒತ್ಗೆ ಕೈ ಮೀರೋಗಿತ್ತು. ದಿನಾ ಪಕ್ಕದಲ್ಲೇ ಮಲಗ್ತಿದ್ದೆ ಕಣವ್ವ, ಒಂದ್ ದಪನೂ ಮುಟ್ಟಿ ನೋಡ್ನಿಲ್ಲ ನಾನು."

ಹೈದರಾಬಾದ್ ಬರುವವರೆಗೆ ನನ್ನ ಕೈ ಬಿಡಲಿಲ್ಲ. ಮೊಮ್ಮಗುವನ್ನು ಎತ್ತಿಕೊಂಡು, ಅದರ ತಪಾಸಣೆ ಮುಗಿಸಿದವರೇ ಮಗಳಿಗೆ ಹೇಳಿದರು: "ನಂಗ್ಯಾಕೋ ಸೊಂಟನೋವು. ನಾಳೆ ಇವ್ಳು ಆಸ್ಪತ್ರೆಗೆ ಕರ್ಕಂಡೋಯ್ತಾಳೆ." ನನಗಾಗಿ ಅತ್ತೆ ಹೇಳಿದ ಸುಳ್ಳು ಅದು. ಹೇಳುವಾಗ ಸೊಂಟದ ಬದಲು ಮಂಡಿ ಹಿಡಿದುಕೊಂಡಿದ್ದರು!

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆ ಎಳೆದು, ಅತ್ತೆಗೆ ಹೊರಗಿರಲು ಕೈಸನ್ನೆ ಮಾಡಿದರು. ಅತ್ತೆ ಎದುರಾಡದೆ ಹೋದರು. ಮಲಗಿದ್ದ ನನಗೆ ಪರದೆಯ ಕೆಳಗೆ ಆ ಒಡೆದ ಹಿಮ್ಮಡಿಗಳು ಕಾಣುತ್ತಿದ್ದವು. ಪರೀಕ್ಷೆ ಮುಗಿಯುವವರೆಗೆ ಕಾವಲಿನವರಂತೆ ಅಲ್ಲಾಡದೆ ನಿಂತಿದ್ದವು.

ಸೂಜಿ ಹಾಕಿ ತೆಗೆದದ್ದರ ಫಲಿತಾಂಶ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಾ ಒಂದು ಕಣ್ಣು ನನ್ನ ಮೇಲೇ ಇಟ್ಟಿದ್ದರು. ಕೊನೆಗೆ ಡಾಕ್ಟರಮ್ಮ ನಗುತ್ತಾ ಹೇಳಿದರು: ಬರಿಯ ಕೊಬ್ಬಿನ ಗಂಟು, ಹೆದರಬೇಕಾದ್ದು ಏನೂ ಇಲ್ಲ. ಅತ್ತೆಗೆ ಕನ್ನಡದಲ್ಲಿ ತಿಳಿಸಿದೆ. ಅವರು ನಂಬಬೇಕಲ್ಲ!

"ಸರ್ಯಾಗ್ ನೋಡ್ತಾ ಅದು? ಇನ್ನೊಂದ್ ದಪ ನೋಡಕ್ಕೇಳು."

ಡಾಕ್ಟರಮ್ಮ ನಿಜವಾಗಿಯೂ ಇನ್ನೊಂದು ಸಲ ನೋಡಿದರು. ನಾನು ಹೊರಗೆ ಬಂದು ಯಜಮಾನರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಮೊದಲು ರೇಗಿದರು, ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿಸಿಕೊಂಡರು. ಆಸ್ಪತ್ರೆಯ ಪಕ್ಕದ ಹೋಟೆಲಿನಲ್ಲಿ ಅತ್ತೆ ಆವತ್ತು ಎರಡು ಪ್ಲೇಟು ಇಡ್ಲಿ ತಿಂದರು. ನಾನೂ ತಿಂದೆ.

ಬಾಣಂತನ ಮುಗಿದ ಮೇಲೆ ವಾಪಸು ಬರುವಾಗ, ಆ ದೊಡ್ಡ ನಿಲ್ದಾಣದ ಸಾಲಿನಲ್ಲಿ ಅತ್ತೆ ಯಾರೂ ಹೇಳುವ ಮೊದಲೇ ಕೈ ಎತ್ತಿಕೊಂಡು ನಿಂತಿದ್ದರು. ನಗುತ್ತಾ ಕೇಳಿದೆ: "ಏನತ್ತೆ, ಅಷ್ಟೊಂದು ಇಷ್ಟವಾ ನಿಮಗೆ?"

"ನಾನೇನೋ ಎಲ್ರನ್ನೂ ನೋಡ್ತೀನಿ. ನನ್ನ ಯಾರವ್ವ ಮುಟ್ಟಿ ನೋಡ್ತಾರೆ? ನಿಮ್ಮಾವ ತೀರ್ಕಂಡ್ಮೇಲೆ ಆವತ್ತು ಆ ಕೂಸು ನೋಡ್ತಲ್ಲ, ಅದೇ ಮೊದ್ಲು" ಎಂದರು. ಎಂದಿನ ದೊಡ್ಡ ದನಿಯಲ್ಲೇ.

ಅತ್ತೆಯನ್ನು ತಿ. ನರಸೀಪುರದ ಮನೆಗೆ ಬಿಡಲು ಹೋದವಳು ಚೀಲವನ್ನು ಜಗಲಿಯ ಮೇಲಿಟ್ಟೆ. "ಅತ್ತೆ, ಕೈ ಎತ್ತಿ."

ಅತ್ತೆ ಎಲೆಯಡಿಕೆ ಚೀಲವನ್ನು ಪಕ್ಕಕ್ಕಿಟ್ಟರು. ಆಮೇಲೆ ಅಂಗಿ ತೊಡಿಸಿಕೊಳ್ಳುವ ಮಗುವಿನ ಹಾಗೆ ಎರಡೂ ಕೈ ಎತ್ತಿ ಕಣ್ಣು ಮುಚ್ಚಿದರು. ನೆತ್ತಿಯಿಂದ ಶುರು ಮಾಡಿದೆ. ಕೆನ್ನೆ, ಕುತ್ತಿಗೆ, ತೋಳು, ಕಂಕುಳು, ಪಕ್ಕೆ. ಬೆನ್ನ ಕಡೆ ಅವಸರ ಮಾಡಲಿಲ್ಲ. ಮೈ ಬೆಚ್ಚಗಿತ್ತು. ಎಲ್ಲೂ ಏನೂ ಇರಲಿಲ್ಲ.

"ಆಯ್ತು ಅತ್ತೆ" ಎಂದೆ.

ಅವರು ಕೈ ಇಳಿಸಲಿಲ್ಲ. ಬಾಯಿ ತೆರೆದು ಕೇಳುವ ಮೊದಲೇ ನಾನು ಮತ್ತೆ ನೆತ್ತಿಯಿಂದ ಶುರು ಮಾಡಿದೆ.