ಲಿಂಗಮ್ಮನ ಜಾಗ

ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿ ಇತ್ತು. ಆ ಮೊಳದುದ್ದದ ಖಾಲಿ ಜಾಗದಿಂದಾಗಿ ಕೀರ್ತಿಕುಮಾರ್ ಮೇಷ್ಟ್ರ ನಿಶ್ಚಿತಾರ್ಥಕ್ಕೆ ಕುತ್ತು ಬಂದಿತ್ತು.

ಕುಶಾಲನಗರದ ಆ ಪ್ರೌಢಶಾಲೆಗೆ ಈ ವರ್ಷ 'ಜೊತೆಗಾರ' ಎಂಬ ಯೋಜನೆ ಬಂದಿತ್ತು. ಪದೇ ಪದೇ ಶಾಲೆ ತಪ್ಪಿಸುವ ಒಂದೊಂದು ಮಗುವಿಗೆ ಒಬ್ಬೊಬ್ಬ ಮೇಷ್ಟ್ರನ್ನು ಗಂಟು ಹಾಕುವುದು, ಮಗು ಬಾರದಿದ್ದರೆ ಮೇಷ್ಟ್ರೇ ಹೋಗಿ ಸ್ನೇಹದಿಂದ ಕರೆತರುವುದು. ಸುತ್ತೋಲೆಯಲ್ಲಿ 'ಸ್ನೇಹದಿಂದ' ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಸಮಾಜ ಪಾಠದ ಕೀರ್ತಿಕುಮಾರನ ಪಾಲಿಗೆ ಬಂದವನು ಅಭಿಲಾಷ್. ತೋಟಗಳಲ್ಲಿ ಕಾಫಿ ಹಣ್ಣಾಗತೊಡಗಿದ ಮೇಲೆ ಅವನು ಶಾಲೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ.

ಬೆಳಿಗ್ಗೆ ಹಲ್ಲುಜ್ಜುವಾಗಲೇ ಹೆಡ್‌ಮೇಡಂ ನೀಲಾವತಿಯವರ ಫೋನು ಬಂತು.

"ಇವತ್ತು ಶಿಕ್ಷಣಾಧಿಕಾರಿ ಬರ್ತಾರೆ. ನಿಮ್ಮ ಹುಡುಗ ಆ ಜಾಗದಲ್ಲಿ ಕೂತಿದ್ರೆ ರಜಾ ಅರ್ಜಿಗೆ ಸಹಿ ಹಾಕ್ತೇನೆ. ಇಲ್ಲಾಂದ್ರೆ ನಾಳೆ ನಿಶ್ಚಿತಾರ್ಥಕ್ಕೆ ನಿಮ್ಮ ಫೋಟೋ ಕಳ್ಸಿ."

ಮಾದಾಪುರದ ಗುರುವಪ್ಪನವರ ಮಗಳು ಮೋನಿಷಾಳ ಜೊತೆ ನಿಶ್ಚಿತಾರ್ಥ. ಚುನಾವಣೆ ಕೆಲಸದ ದೆಸೆಯಿಂದ ಅದು ಒಮ್ಮೆ ಮುಂದೆ ಹೋಗಿತ್ತು. ಇನ್ನೊಮ್ಮೆ ಹೋದರೆ ಹುಡುಗಿಗೆ ಬೇರೆ ಕಡೆ ನೋಡುತ್ತೇವೆಂದು ಗುರುವಪ್ಪ ಬಹಳ ಮರ್ಯಾದೆಯಿಂದ ಹೇಳಿದ್ದರು. ಕೀರ್ತಿಕುಮಾರ್ ನಾಳೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯನ್ನೇ ಆತುರದಲ್ಲಿ ತೊಟ್ಟು ಸ್ಕೂಟರ್ ಹತ್ತಿದ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಭಿಲಾಷನ ಅಜ್ಜಿ ಲಿಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲು ಹಲಸಿನಕಾಯಿಯಷ್ಟು ಊದಿ ಎಣ್ಣೆಯಲ್ಲಿ ಮಿನುಗುತ್ತಿತ್ತು.

"ಮೊಮ್ಮಗ ಎಲ್ಲಿ ಅಜ್ಜಿ?"

"ಸ್ಕೂಲಿಗೆ ಹೋದ ಕಣಪ್ಪ, ಆಗ್ಲೇ."

"ಯೂನಿಫಾರಂ ಹಗ್ಗದ ಮೇಲೆ ನೇತಾಡ್ತಾ ಇದೆಯಲ್ಲ!"

ಲಿಂಗಮ್ಮ ತಿರುಗಿ ನೋಡಿದರು. ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಅದಾ? ಅದು ಇವತ್ತು ರಜ ತಗೊಂಡದೆ," ಎಂದರು.

ಅಷ್ಟರಲ್ಲಿ ಓಣಿಗೆ ಓಣಿಯೇ ಕೂಡಿತು. ಹಾರಂಗಿ ಕಡೆ ಹೋದನೆಂದು ಒಬ್ಬರು, ಜ್ವರವೆಂದು ಇನ್ನೊಬ್ಬರು, ರಸ್ತೆಯಲ್ಲಿ ಆನೆ ಇದೆ ಅಂತ ಬರೆದುಕೊಳ್ಳಿ ಎಂದು ಮತ್ತೊಬ್ಬರು. ಗೂಡಂಗಡಿಯ ಚಿನ್ನ ಮಾತ್ರ ಗುಟ್ಟಾಗಿ ಕಣ್ಣು ಮಿಟುಕಿಸಿದ.

"ಸಾರೇ, ಕಾಫಿ ಪಿಕ್ಕಿಂಗ್ ಜೀಪು ನೋಡಿ. ಗೋಣಿಚೀಲದ ಅಡಿಯಲ್ಲಿ ಅಡಗಿ ಕೂರ್ತಾನೆ ಅವ."

ಓಣಿಯ ತುದಿಯಲ್ಲಿ ಎಸ್ಟೇಟಿನ ಜೀಪು ನಿಂತಿತ್ತು. ಒಳಗೆ ಕಾಫಿ ಕೊಯ್ಯಲು ಹೊರಟ ಹೆಂಗಸರು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿದ ಹಾಗೆ ತುಂಬಿದ್ದರು. ಮೂಲೆಯಲ್ಲಿ ಒಬ್ಬರು ಕೂರುವಷ್ಟು ಜಾಗ, ಅದರಲ್ಲಿ ಗೋಣಿಚೀಲಗಳ ರಾಶಿ. ರಾಶಿ ಅಲ್ಲಾಡಿದಂತಾಯಿತು. ಕೀರ್ತಿಕುಮಾರ್ ಹತ್ತಿದ, ಮೊಣಕಾಲುಗಳ ಮೇಲೆ ತೆವಳಿದ, ಚೀಲಗಳನ್ನು ಎತ್ತಿದ. ಒಳಗಿಂದ ಒಂದು ಕೋಳಿ ಬೈಯುತ್ತ ಹೊರಬಂತು.

ಹೊರಗೆ ಕೂಲಿಯವರ ಮೇಸ್ತ್ರಿ ದೇವರಾಜು ಜೀಪಿನ ತಗಡು ಬಡಿಯುತ್ತ ತಲೆ ಎಣಿಸುತ್ತಿದ್ದ. "ಲಿಂಗಮ್ಮನ ಜಾಗ ತುಂಬಿದ್ಯಾ?"

"ತುಂಬಿದೆ!" ಎಂದು ಹೆಂಗಸರು ಕೂಗಿದರು.

"ತಲೆ ಸರಿ ಉಂಟು. ಬಿಡೋ!"

ಜೀಪು ಹಾರಿತು. "ನಿಲ್ಸಿ! ನಾನು ಮೇಷ್ಟ್ರು!" ಎಂದ ಕೀರ್ತಿಕುಮಾರ್. ಡ್ರೈವರ್ ಹಾಡಿನ ಸದ್ದು ಏರಿಸಿದ. ಜೇಬಿನ ಫೋನು ತೆಗೆಯೋಣವೆಂದರೆ ಆ ತೊಡೆಯ ಮೇಲೆ ಯಾರದೋ ಬುತ್ತಿ, ಬುತ್ತಿಯ ಮೇಲೆ ಆ ಕೋಳಿ. ಹಿಂದಿನಿಂದ ಚಿನ್ನ ಮೊಬೈಲ್ ಎತ್ತಿ ಫೋಟೋ ಹೊಡೆದದ್ದು ಮಾತ್ರ ಸ್ಪಷ್ಟವಾಗಿ ಕಂಡಿತು.

ಸುಂಟಿಕೊಪ್ಪ ದಾಟಿ, ಏನೇನೋ ತಿರುವು ತಿರುಗಿ, ಫೋನಿಗೆ ಸಿಗ್ನಲ್ಲಿನ ಗೆರೆಯೇ ಕಾಣದ ತೋಟದಲ್ಲಿ ಜೀಪು ಎಲ್ಲರನ್ನೂ ಸುರಿಯಿತು. ಲೆಕ್ಕ ನೋಡುವ ರೈಟರ್ ಸುನಿಲ್ ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ.

"ಮದುವೆಗೆ ಬಂದದ್ದಾ?"

"ನೋಡಿ, ನಾನು ಹೈಸ್ಕೂಲ್ ಮೇಷ್ಟ್ರು. ತಪ್ಪಿ ಹತ್ತಿದೆ. ತಕ್ಷಣ ವಾಪಸ್ ಹೋಗ್ಬೇಕು."

"ಮೊನ್ನೆ ಬಂದವ ಇಂಜಿನಿಯರ್ ಅಂದಿದ್ದ. ಸಾಯಂಕಾಲಕ್ಕೆ ಚೆನ್ನಾಗೇ ಕಲ್ತ. ಜವರಕ್ಕಾ, ಹೊಸಬ್ರಿಗೆ ಸ್ವಲ್ಪ ಹೇಳ್ಕೊಡಿ. ಸ್ನೇಹದಿಂದ."

"ನಡ್ಕೊಂಡಾದ್ರೂ ಹೋಗ್ತೇನೆ!"

"ಹೋಗಿ ಮಾರಾಯ್ರೆ. ಗೇಟ್ ಹತ್ರ ಆನೆ ಮೂರು ಉಂಟು, ಮರಿ ಸಮೇತ. ಅವುಕ್ಕೂ ಮೇಷ್ಟ್ರು ಅಂತ ಹೇಳಿ ನೋಡಿ."

ಕೀರ್ತಿಕುಮಾರ್ ಸೊಂಟಕ್ಕೆ ಚೀಲ ಕಟ್ಟಿಕೊಂಡ.

ಜವರಿ ಒಳ್ಳೆಯ ಗುರು. "ಹಣ್ಣು ಮಾತ್ರ ಬಿಡಿಸಿ, ಸಾರ್. ಹಸಿರು ಕಾಯಿ ಬ್ಯಾಡ. ಅದಿನ್ನೂ ಒಂಬತ್ತನೇ ಕ್ಲಾಸು ಅಂದ್ಕೊಳಿ." ಅವನ ಬಿಳಿ ಅಂಗಿಯನ್ನು ಒಮ್ಮೆ ನೋಡಿ, ಗಂಟಿನೊಳಗಿಂದ ಗೀರು ಗೀರಿನ ಹಳೆಯದೊಂದು ಶರ್ಟು ತೆಗೆದುಕೊಟ್ಟಳು. "ಮೇಲೆ ಹಾಕ್ಕೊಳಿ. ನಮ್ಮನೆಯವರದ್ದು."

"ಅವರಿಗೆ ಬೇಕಾಗಲ್ವಾ?"

"ಇಲ್ಲ, ಇನ್ನು ಬೇಕಾಗಲ್ಲ," ಎಂದು ಅವಳು ಮುಂದಿನ ಗಿಡಕ್ಕೆ ಹೋದಳು.

ಅವನು ಶರ್ಟಿನ ಗುಂಡಿಗಳನ್ನು ಒಂದೊಂದಾಗಿ, ಜೋಪಾನವಾಗಿ ಹಾಕಿಕೊಂಡ. ಕೊನೆಯ ಗುಂಡಿ ಹಾಕುವ ಹೊತ್ತಿಗೆ ಕೊಂಬೆಯಿಂದ ಚಗಳಿ ಇರುವೆಗಳ ಗೂಡೊಂದು ಕಾಲರಿನೊಳಗೆ ಇಳಿಯಿತು. ಆಮೇಲೆ ಕೀರ್ತಿಕುಮಾರ್ ಕುಣಿದದ್ದನ್ನು ನೋಡಲು ಪಕ್ಕದ ಸಾಲಿನವರೂ ಬುತ್ತಿ ಬಿಚ್ಚಿ ಕೂತರು. ಕುಣಿತದಲ್ಲಿ ಚೀಲ ಮಗುಚಿತು. ಹಣ್ಣು ಆಯಲು ಬಗ್ಗಿದಾಗ ಪ್ಯಾಂಟಿನ ಹೊಲಿಗೆ ಬಿಟ್ಟಿತು. ಸಂಜೆ ಚೀಲ ತೂಗುವಾಗ ಸುನಿಲ್ ತಕ್ಕಡಿಯನ್ನು ಎರಡು ಸಲ ತಟ್ಟಿ ನೋಡಿದ, ಮುಳ್ಳು ಕೆಟ್ಟಿತೇನೋ ಎಂದು.

"ಪರವಾಗಿಲ್ಲ. ನಾಳೆ ಇಂಪ್ರೂವ್ ಆಗಿ."

ಜೀಪು ಓಣಿಯಲ್ಲಿ ನಿಲ್ಲುವ ಮೊದಲೇ ಕೀರ್ತಿಕುಮಾರ್ ಧುಮುಕಿ, ಸ್ಕೂಟರಿನ ನೆನಪೂ ಇಲ್ಲದೆ ಶಾಲೆಗೆ ಓಡಿದ. ತಲೆಯಲ್ಲಿ ಕಾಫಿ ಎಲೆ, ಮೈಮೇಲೆ ಗೀರು ಶರ್ಟು, ಪ್ಯಾಂಟಿನ ಹಿಂಭಾಗಕ್ಕೆ ಗೋಣಿಚೀಲ. ಆಫೀಸಿನಲ್ಲಿ ಇನ್ನೂ ದೀಪವಿತ್ತು. ಅಧಿಕಾರಿಯ ಎದುರು ಚಕ್ಕುಲಿ ತಟ್ಟೆ, ಪಕ್ಕದಲ್ಲಿ ಮೇಡಂ. ಬಾಗಿಲ ಬಳಿ ಇನ್ನೂ ಪೂರ್ತಿ ಆರದ ಯೂನಿಫಾರಂ ತೊಟ್ಟು ಸೀನುತ್ತ ನಿಂತಿದ್ದವನು ಅಭಿಲಾಷ್.

"ನೀನು ಇಲ್ಲಿದ್ದೀಯಾ!"

"ಬೆಳಿಗ್ಗೆಯಿಂದ ಇಲ್ಲೇ ಇದೀನಿ ಸಾರ್."

"ಮತ್ತೆ ಇಷ್ಟು ದಿನ ಏನಾಗಿತ್ತೋ?"

"ಅಜ್ಜಿ ಕಾಲು ಊದಿದೆಯಲ್ಲ ಸಾರ್. ಜೀಪಿನಲ್ಲಿ ನಮ್ಮ ಮನೆ ಜಾಗ ಒಂದು ದಿನ ಖಾಲಿ ಬಿಟ್ರೂ ಮೇಸ್ತ್ರಿ ಬೇರೆಯವರಿಗೆ ಕೊಡ್ತಾರೆ, ಮತ್ತೆ ಈ ಸೀಸನ್‌ಗೆ ಸಿಗಲ್ಲ. ಅದಕ್ಕೇ ನಾನು ಹೋಗಿ ಕೂರ್ತಿದ್ದೆ. ಇವತ್ತು ಹತ್ತೋಣ ಅಂತ ಬಂದ್ರೆ ನೀವು ಕೂತಿದ್ರಿ. ಅಜ್ಜಿಗೆ ಹೇಳ್ದೆ. 'ದೇವ್ರಂಥ ಮೇಷ್ಟ್ರು, ಓಡು ಸ್ಕೂಲಿಗೆ' ಅಂದ್ರು."

ಅಧಿಕಾರಿ ಎದ್ದು ಬಂದು ಕೀರ್ತಿಕುಮಾರನ ಎರಡೂ ಕೈ ಹಿಡಿದರು. ಕಾಫಿ ಹಣ್ಣಿನ ಅಂಟಿಗೆ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ನೂರಕ್ಕೆ ನೂರು ಹಾಜರಾತಿ! ಮಗು ತರಗತಿಯಲ್ಲಿ, ಮಗುವಿನ ಜಾಗದಲ್ಲಿ ಮೇಷ್ಟ್ರು! ಇಡೀ ಯೋಜನೆಯಲ್ಲಿ ಯಾರಿಗೂ ಹೊಳೆಯದ ಉಪಾಯ ಇದು. ಕೊಯ್ಲು ಮುಗಿಯೋವರೆಗೂ ಹೀಗೇ ಮುಂದುವರಿಸಿ. ನಾಳೆ ಬೆಳಿಗ್ಗೆ ನೀವು ಜೀಪು ಹತ್ತೋದನ್ನ ವಿಡಿಯೋ ಮಾಡಿಸ್ತೇನೆ."

"ಸಾರ್, ನಾಳೆ ನನ್ನ ನಿಶ್ಚಿ..."

"ಇವರ ಪಾಠ, ಸಾರ್?" ಎಂದರು ಮೇಡಂ.

"ಬೇರೆಯವರು ನೋಡ್ಕೊಳ್ಲಿ. ನಮ್ಮ ಯೋಜನೆ ಇರೋದು ಮಕ್ಕಳು ತಪ್ಪಿಸಿಕೊಳ್ಳದ ಹಾಗೆ ನೋಡೋಕೆ. ಮೇಷ್ಟ್ರ ಬಗ್ಗೆ ಏನೂ ಹೇಳಿಲ್ಲ."

ಮೇಡಂ ರಜಾ ಅರ್ಜಿಯನ್ನು ಎರಡು ಮಡಿಕೆ ಮಾಡಿ ಚಕ್ಕುಲಿ ತಟ್ಟೆಯ ಅಡಿಗೆ ಸರಿಸಿದರು. ಅಭಿಲಾಷ್ ಗೇಟಿನವರೆಗೂ ಹಿಂದೆ ಬಂದ.

"ಸಾರ್, ನಾಳೆ ತಪ್ಪಿಸ್ಬೇಡಿ. ನೀವು ಚಕ್ಕರ್ ಹೊಡೆದ್ರೆ ನಾನು ಹೋಗ್ಬೇಕಾಗತ್ತೆ. ನಾಳೆ ಸಮಾಜದಲ್ಲಿ ಟೆಸ್ಟ್ ಇದೆ."

ರಸ್ತೆಯಲ್ಲಿ ಫೋನಿಗೆ ಜೀವ ಬಂತು. ಮೋನಿಷಾ.

"ಅಪ್ಪ ಫೋಟೋ ನೋಡಿದ್ರು," ಎಂದಳು. ಚಿನ್ನ ಹೊಡೆದ ಫೋಟೋ ಓಣಿಯ ವಾಟ್ಸಾಪ್ ಗುಂಪಿನಿಂದ ಹೊರಟು ಮಾದಾಪುರ ಮುಟ್ಟಲು ಜೀಪಿಗಿಂತ ಕಮ್ಮಿ ಹೊತ್ತು ತೆಗೆದುಕೊಂಡಿತ್ತು.

"ಎಂತ ಹೇಳಿದ್ರು?"

"ನಾಳೆ ನಿಶ್ಚಿತಾರ್ಥ ಬೇಡ ಅಂದ್ರು."

ಕೀರ್ತಿಕುಮಾರ್ ಮೋರಿ ಕಟ್ಟೆಯ ಮೇಲೆ ಕೂತ. "ಬೇರೆ ಹುಡುಗನ್ನ ನೋಡ್ತಾರಂತಾ?"

"ಅಯ್ಯೋ, ಇಲ್ಲ ಮಾರಾಯ್ರೆ! ನಿಮ್ಮ ಮೇಲೆ ಈಗ ಭಾರೀ ಪ್ರೀತಿ. ಪಿಕ್ಕಿಂಗ್ ಎಲ್ಲ ಮುಗಿದ ಮೇಲೆ ಇಟ್ಟುಕೊಳ್ಳುವ ಅಂದ್ರು. ನಮ್ಮ ತೋಟಕ್ಕೂ ಜನ ಇಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಹಾಗಾಗಿ ಒಂದು ಕೇಳು ಅಂದ್ರು." ಅವಳು ನಗು ತಡೆಯುತ್ತಿದ್ದಳು. "ಭಾನುವಾರ ನಿಮ್ಮ ಜೀಪಿಗೆ ರಜೆಯಲ್ವಾ?"

ಮರುದಿನ ಬೆಳಿಗ್ಗೆ ಓಣಿಯ ತುದಿಯಲ್ಲಿ ಕ್ಯಾಮೆರಾ ಸಜ್ಜಾಗಿ ನಿಂತಿತ್ತು. ಲಿಂಗಮ್ಮ ಜಗಲಿಯಿಂದಲೇ ಕೈಮುಗಿದರು. ಒಣಗಿದ ಯೂನಿಫಾರಂ ತೊಟ್ಟ ಅಭಿಲಾಷ್, ಮೇಷ್ಟ್ರು ತಪ್ಪಿಸಿಕೊಳ್ಳದ ಹಾಗೆ, ಅವರನ್ನು ಜೀಪಿನವರೆಗೆ ಸ್ನೇಹದಿಂದ ಕರೆತಂದ. ದೇವರಾಜು ತಗಡು ಬಡಿದ.

"ಲಿಂಗಮ್ಮ?"

ಒಳಗೆ ಕೋಳಿಯ ಪಕ್ಕದಿಂದ ಗೀರು ಶರ್ಟಿನ ಕೈಯೊಂದು ಮೇಲೆದ್ದಿತು.

"ಪ್ರೆಸೆಂಟ್ ಸಾರ್," ಎಂದ ಕೀರ್ತಿಕುಮಾರ್.