ಅಣ್ಣನ ಒಲೆಗೆ ನಾನು ಹಾಕಿದ ಫರಸಿ

ಕಲ್ಲಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿಲ್ಲ. ಆರನೆಯ ಇಯತ್ತೆ ದಾಟಲಿಲ್ಲ, ನಿಜ. ಆದರೆ ಶಹಾಬಾದಿನ ಹಾಸುಗಲ್ಲು, ಅಂದರೆ ಫರಸಿಯನ್ನು ಬೆರಳಿನಿಂದ ತಟ್ಟಿ, ಗಟ್ಟಿಯೋ ಪೊಳ್ಳೋ ಹೇಳಬಲ್ಲೆ. ನಮ್ಮೂರು ವಾಡಿಯಲ್ಲಿ ನಾನು ಹಾಸಿದ ಫರಸಿಯ ಮೇಲೆ ಮಕ್ಕಳು ಅಂಬೆಗಾಲಿಟ್ಟು, ಜಾರಿ ಬಿದ್ದು, ದೊಡ್ಡವರಾಗಿ ಮದುವೆಯೂ ಆಗಿದ್ದಾರೆ. ಇಷ್ಟು ಹೆಮ್ಮೆ ಇದ್ದವನು ಕೆಡಲು ಒಂದು ಒಲೆ ಸಾಕಾಯಿತು.

ನಮ್ಮಣ್ಣ ಭೀಮಣ್ಣ ಹೈದರಾಬಾದಿನ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಕೆಂಡದ ಮುಂದೆ ನಿಂತು ಮಾಂಸ ಸುಟ್ಟವನು. ಊರಿಗೆ ಮರಳಿ, ನಮ್ಮ ಓಣಿಯ ಬಾಯಿಗೇ ಬಾರ್ಬೆಕ್ಯೂ ಹೋಟೆಲ್ ತೆಗೆಯುತ್ತೇನೆ ಎಂದ. ವಿಸ್ಕಿ ಇರುತ್ತದೆ, ಕ್ರಾಫ್ಟ್ ಬಿಯರೂ ಇರುತ್ತದೆ ಎಂದ.

"ಕ್ರಾಫ್ಟ್ ಬಿಯರ್ ಅಂದ್ರ ಏನಣ್ಣಾ?"

"ದೊಡ್ಡ ಫ್ಯಾಕ್ಟರಿ ಮಾಲಲ್ಲೋ. ಸಣ್ಣ ಮಂದಿ ಸ್ವಲ್ಪ ಸ್ವಲ್ಪ ಮಾಡ್ತಾರ, ತಾವೇ ರುಚಿ ನೋಡಿ."

"ನಮ್ಮ ಕಡೆ ಹಂಗ ಮಾಡಿದವರನ್ನ ಪೊಲೀಸರು ಹಿಡಕೊಂಡು ಹೋಗ್ತಾರ."

ಅಣ್ಣ ಹೊಟ್ಟೆ ಹಿಡಿದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಎಣಿಸಿ ಇಟ್ಟುಕೊಳ್ಳಬೇಕಿತ್ತು.

ಒಲೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಎಂಟಡಿ ಉದ್ದದ ಕೆಂಡದ ತೊಟ್ಟಿ. ಅಣ್ಣ ಹೇಳಿದ್ದು ಒಂದೇ ಮಾತು. "ಸಾಬಣ್ಣಾ, ಒಳಗ ಭಟ್ಟಿ ಇಟ್ಟಂಗಿನೇ ಹಾಕು. ಕಲಬುರಗಿಯಾಗ ಸಿಗ್ತಾವ. ಫರಸಿ ಬ್ಯಾಡ, ಕೆಂಡಕ್ಕ ತಡಿಯಂಗಿಲ್ಲ, ಸಿಡಿತದ."

ಫರಸಿ ತಡೆಯುವುದಿಲ್ಲವೆಂದು ನನಗೆ ಹೇಳುವುದೇ? ನನ್ನ ಅಂಗಳದಲ್ಲಿ ವಾರಗಟ್ಟಲೆ ಮಳೆಯಲ್ಲಿ ನೆಂದು, ಮೈತೊಳೆದುಕೊಂಡಂತೆ ಹೊಳೆಯುವ ಕಲ್ಲು ಬಿದ್ದಿತ್ತು. ಅದನ್ನೇ ಅಳತೆಗೆ ಕೊರೆದು ಕೂಡಿಸಿದೆ. ನನ್ನ ಹೆಂಡತಿ ನಾಗಮ್ಮ ಬುತ್ತಿ ತಂದವಳು ನೋಡಿಬಿಟ್ಟಳು.

"ಭಾವಾರು ಇಟ್ಟಂಗಿ ಅಂದಿದ್ರಲ್ರಿ?"

"ನಿನಗೇನ್ ಗೊತ್ತು. ನಿಜಾಮರ ಕಾಲದಿಂದ ತಡಕೊಂಡು ಬಂದ ಕಲ್ಲಿದು."

"ನಿಜಾಮರು ಇದರ ಮ್ಯಾಲ ಕಬಾಬ್ ಸುಟ್ಟಿದ್ರೇನು?"

ನಾನು ಫರಸಿಯ ಮೇಲೆ ಕೆಂಪು ಮಣ್ಣು ಮೆತ್ತಿ ಮುಚ್ಚಿದೆ. ಸಂಜೆ ಅಣ್ಣ ಬಂದು ತೊಟ್ಟಿಯ ಅಂಚಿನ ಮೇಲೆ ಕೈಯಾಡಿಸಿದ.

"ಇಟ್ಟಂಗಿ ಹಾಕಿದಿಯಿಲ್ಲೋ?"

"ಹಾಕೀನಣ್ಣ."

ನನ್ನ ಜನ್ಮದಲ್ಲಿ ಯಾವ ಕಲ್ಲೂ ಆ ಸುಳ್ಳಿನಷ್ಟು ಸಲೀಸಾಗಿ ಕೂತಿರಲಿಲ್ಲ.

ಆರಂಭದ ದಿನ ಸಂಜೆ ಆರಕ್ಕೇ ಮಂದಿ ತುಂಬಿದರು. ರೈಲ್ವೆಯವರು, ಸಿಮೆಂಟ್ ಫ್ಯಾಕ್ಟರಿಯವರು, ಮಾಂಸ ಕಡಿದುಕೊಟ್ಟ ಖಾಸಿಂ ಚಾಚಾ. ಪಕ್ಕದ ಮನೆಯ ಆಚಾರ್ ಮಾಸ್ತರರೂ ಬಂದು, ಒಲೆಗೆ ಬೆನ್ನು ಮಾಡಿ ಸೋಡಾ ಹಿಡಿದು ಕುಳಿತರು. "ನಾ ಆ ಕಡೆ ನೋಡಂಗಿಲ್ಲಪ್ಪಾ. ಭೀಮಣ್ಣನ ಮಾರಿ ನೋಡಿ ಹೋಗ್ಲಿಕ್ಕೆ ಬಂದೀನಿ."

ಕೆಂಡ ಕಾವೇರಿತು. ಮೊದಲು 'ಟಪ್' ಎಂದಿತು. ಮಂದಿ ಪಟಾಕಿ ಎಂದು ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಒಂದು ಕೋಳಿ ಕಾಲು ಮೇಲಕ್ಕೆ ಹಾರಿ, ಇಡೀ ಹೋಟೆಲಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಮಾಸ್ತರರ ತೊಡೆಯ ಮೇಲೆ ಕುಳಿತಿತು. ಮೂರನೆಯದಕ್ಕೆ ಒಲೆಯೇ ಸಿಡಿಯಿತು. ಗೂಡ್ಸ್ ಗಾಡಿಯ ಸದ್ದಿಗೂ ನಿದ್ದೆ ಕೆಡದ ರೈಲ್ವೆಯವರು ಮೇಜಿನ ಕೆಳಗೆ ಸೇರಿದರು. "ಏನೂ ಆಗಿಲ್ರಿ, ಕುಂದ್ರಿ, ಕುಂದ್ರಿ" ಎಂದು ಧೈರ್ಯ ಹೇಳಿದವನು ನಾನು. ನಾನೂ ಮೇಜಿನ ಕೆಳಗೇ ಇದ್ದೆ.

ನಿಂತಿದ್ದವನು ಅಣ್ಣ ಒಬ್ಬನೇ. ಬಲಗೈಯ ಮಣಿಕಟ್ಟಿನಿಂದ ರಕ್ತ ಸುರಿಯುತ್ತಿತ್ತು. ಎಡಗೈಯಿಂದ ನೆಲಕ್ಕೆ ಬಿದ್ದ ಚೂರೊಂದನ್ನು ಎತ್ತಿಕೊಂಡ. ಒಂದು ಬದಿ ಮಣ್ಣು, ಇನ್ನೊಂದು ಬದಿ ನುಣ್ಣನೆಯ ಫರಸಿ. ಅದನ್ನು ನೋಡಿದ, ನನ್ನನ್ನು ನೋಡಿದ.

"ಯಾವ ಗಧಾ ಹಾಕ್ಯಾನಿದು ಫರಸಿ?" ಎಂದರು ಖಾಸಿಂ ಚಾಚಾ.

"ನಾನೇ ಹಾಕಂದಿದ್ದೆ, ಚಾಚಾ. ತಮ್ಮ ಬ್ಯಾಡ ಅಂದಿದ್ದ, ನಾ ಕೇಳಲಿಲ್ಲ."

ಅಷ್ಟು ನೋವಿನಲ್ಲೂ ಅವನಿಗೆ ನನ್ನ ಕಸುಬಿನ ಹೆಸರು ಉಳಿಸುವುದು ನೆನಪಾಗಿತ್ತು. ನಾನು ಮೇಜಿನ ಕೆಳಗಿನಿಂದ ಎದ್ದು ಬಂದೆ. ಟವೆಲಿನಿಂದ ಅವನ ಕೈ ಒತ್ತಿ ಹಿಡಿದು, ಬಹಳ ಉಪಕಾರ ಮಾಡುವವನಂತೆ ನಿಂತಿದ್ದೆ.

ಗಾಯ ಮಾಯಿತು. ಎರಡು ಬೆರಳು ಮಡಚಲಿಲ್ಲ. ಕಬಾಬಿನ ಸರಳು ಆ ಕೈಯಲ್ಲಿ ನಿಲ್ಲಲಿಲ್ಲ. 'ಬಾಂಬ್ ಹೋಟೆಲ್' ಎಂದು ಹೆಸರು ಬಿದ್ದ ಮೇಲೆ ಮಂದಿಯೂ ಬರಲಿಲ್ಲ. ಅಣ್ಣ ಈಗ ಒಂದು ಕ್ಯಾಂಟೀನಿನ ಬಾಗಿಲಲ್ಲಿ ಕುಳಿತು ಎಡಗೈಯಿಂದ ಊಟದ ಕೂಪನ್ ಹರಿಯುತ್ತಾನೆ. ಮನೆಗೆ ಹೋದರೆ ಮೊದಲಿನಂತೆಯೇ, "ಉಂಡಿಯೇನೋ?" ಎನ್ನುತ್ತಾನೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಗಮ್ಮ ಮಾತ್ರ ಆವತ್ತಿನಿಂದ ನನ್ನ ಕೂಡ ಕಲ್ಲಿನ ಮಾತು ಆಡಿಲ್ಲ.

ಮೊನ್ನೆ ಚಿತ್ತಾಪುರದಲ್ಲಿ ಒಬ್ಬರ ಮನೆಗೆ ಅಡುಗೆಕಟ್ಟೆ ಕೂಡಿಸಲು ಹೋಗಿದ್ದೆ. ಯಜಮಾನರು ಚಹಾ ಕೊಟ್ಟು ಹೇಳಿದರು, "ನಿಮ್ಮ ಕೆಲಸದ ಮ್ಯಾಲ ಭರೋಸ ಅದರಿ. ನಿಮ್ಮಣ್ಣನ ಮಾತು ಮಾತ್ರ ಕೇಳಬ್ಯಾಡ್ರಿ. ಆತಗ ಕಲ್ಲಿನ ಖಬರಿಲ್ಲ."

"ಹೌದ್ರಿ" ಎಂದೆ.

ಆಮೇಲೆ ಮೊಣಕಾಲೂರಿ ಕುಳಿತು, ಫರಸಿಯನ್ನು ಬೆರಳಿನಿಂದ ತಟ್ಟಿ ನೋಡಿದೆ. ಕಲ್ಲು ಗಟ್ಟಿಯಾಗಿಯೇ ಇತ್ತು.